ಎಷ್ಟು ಮೆಟ್ಟಿಲು?

ಜಲಪಾತ ಎಷ್ಟು ಅಡಿ ಎತ್ತರ ಎಂದು ಲೋಕವೆಲ್ಲ ಕೇಳಿದರೆ, ನಮ್ಮ ಸೋದರತ್ತೆ ಕೇಳುವುದು ಎಷ್ಟು ಮೆಟ್ಟಿಲು ಎಂದು. ಗಾಲಿಕುರ್ಚಿಗೆ ಬಂದ ಮೇಲೆ ಅವರ ಭೂಗೋಳವೇ ಬೇರೆ. ಅಬ್ಬಿ? ಮೆಟ್ಟಿಲು. ಇರ್ಪು? ಮೆಟ್ಟಿಲು. ಉಂಚಳ್ಳಿ? ಅಲ್ಲೂ ಮೆಟ್ಟಿಲು. "ಎತ್ಕೊಂಡು ಹೋಗ್ತೀವಿ ಅಮ್ಮಾ" ಎಂದು ಹುಡುಗರು ಓಡಿ ಬರುವುದುಂಟು. ಅತ್ತೆ ಜಪ್ಪಯ್ಯ ಎಂದರೂ ಒಪ್ಪರು. "ನಾನೇನು ಅಡ್ಡಪಲ್ಲಕ್ಕಿ ಸ್ವಾಮಿಗಳೇ? ದಾರಿ ಮಾಡಿ, ನಾನೇ ಬರ್ತೀನಿ."

ದಾರಿ ಮಾಡುವುದೇನೂ ಬ್ರಹ್ಮವಿದ್ಯೆಯಲ್ಲ. 1 ಅಡಿ ಏರಿಗೆ 12 ಅಡಿ ಉದ್ದದ ರ‍್ಯಾಂಪ್ ಸಾಕು. ಅಂಗವಿಕಲರ ಹಕ್ಕುಗಳಿಗೆ 2016ರ ಕಾಯ್ದೆಯೂ ಇದೆ. ಆದರೆ ನಾವು ಕಂಡ ಒಂದು ರ‍್ಯಾಂಪಿನ ಬುಡದಲ್ಲಿ ಎಳನೀರಿನ ರಾಶಿ, ತಲೆಯಲ್ಲಿ ಬೈಕು.

ಜೋಗ ಮಾತ್ರ ದಯಾಮಯಿ. 253 ಮೀಟರ್ ಬೀಳುವುದು ಕಣಿವೆಯ ಆಚೆ ದಡದಲ್ಲಿ, ನೋಡುವುದು ಈಚೆ ದಡದಿಂದ. ಮದುವೆಯಾದ ಹೊಸತರಲ್ಲಿ ಗುಂಡಿಯವರೆಗೂ ಇಳಿದು, ಮಾವನಿಗಿಂತ ಮೊದಲೇ ಹತ್ತಿ ಬಂದ ಅತ್ತೆ ಈಗ ಮೇಲೇ ಕೂತರು. ಕೂತವರ ಕಣ್ಣಿನ ಮಟ್ಟಕ್ಕೇ ಕಬ್ಬಿಣದ ಕಟಕಟೆಯ ಮೇಲಿನ ಪೈಪು. ರಾಜನಿಗೆ ಸೊಂಟ ಇಲ್ಲ, ರಾಣಿಗೆ ತಲೆ ಇಲ್ಲ. ಉಳಿದದ್ದನ್ನು ಸೆಲ್ಫಿಯವರ ಬೆನ್ನುಗಳು ಮುಚ್ಚಿದವು. ಅಷ್ಟರಲ್ಲಿ ಮಂಜು ಕವಿದು, ಕಾಲಿದ್ದವರಿಗೂ ಏನೂ ಕಾಣದಾಯಿತು. "ಈಗ ಸರಿ ಹೋಯ್ತು" ಎಂದು ಅತ್ತೆ ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡರು.

ಕೊನೆಗೆ ಹೊಳೆದದ್ದು ದೂಧಸಾಗರ. ಕ್ಯಾಸಲ್‌ರಾಕ್ ದಾಟಿ ಗೋವೆಯ ಕಡೆ ಘಟ್ಟ ಇಳಿಯುವ ರೈಲು ಜಲಪಾತದ ಎದುರಿನ ಸೇತುವೆಯ ಮೇಲೇ ಹಾದುಹೋಗುತ್ತದೆ. ಬೋಗಿಗೆ ಹತ್ತಲು ಮತ್ತೆ ಮೆಟ್ಟಿಲೇ. ಪೋರ್ಟರ್ ಅನಾಮತ್ತಾಗಿ ಎತ್ತಿ ಕೂರಿಸಿದಾಗ ಅತ್ತೆ ಕೆಮ್ಮಿ, "ರೈಲಿನ ಲೆಕ್ಕ ಬೇರೆ" ಎಂದರು. ಸುರಂಗ ಕಳೆದದ್ದೇ ಕಿಟಕಿಯ ತುಂಬ ಬಿಳಿ ನೀರು, ಮುಖಕ್ಕೆ ಎರಚಲು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಕಾಡು ಬಂತು. "ಇಷ್ಟೇನಾ? ನಿಲ್ಸೋಕೆ ಹೇಳೋ ಮಾರಾಯ!"

ಯಾರಿಗೆ ಹೇಳಲಿ? ನಿಮಗಾದರೂ ಹೇಳುತ್ತೇನೆ. ಮುಂದಿನ ಮಳೆಗಾಲದಲ್ಲಿ ಜೋಗಕ್ಕೆ ಹೋದರೆ ಕಟಕಟೆ ಹಿಡಿಯುವ ಮುನ್ನ ಒಮ್ಮೆ ಹಿಂದಕ್ಕೆ ನೋಡಿ. ಗಾಲಿಕುರ್ಚಿ ಕಂಡರೆ ಎತ್ತಲು ಬರಬೇಡಿ, ದಯವಿಟ್ಟು ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ.