ಸೈಲೆನ್ಸರ್ ದಪ್ಪ ಆದರೆ ಗಾಡಿಗೆ ಬಲ ಬರುತ್ತಾ?

ನಮ್ಮ ಹೋಬಳಿಯ ಯಾವ ಗ್ಯಾರೇಜಿನ ಮುಂದೆ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತದೆ. 'ಕಂಪನಿ ಸೈಲೆನ್ಸರ್ ಎಂಜಿನ್ ಉಸಿರು ಕಟ್ಟಿಸ್ತದೆ. ದಪ್ಪ ಪೈಪ್ ಹಾಕ್ಸು, ಆಮೇಲೆ ಪಿಕಪ್ ನೋಡು.' ಪೊಲೀಸರು ಹಿಡಿದ ಸೈಲೆನ್ಸರ್‌ಗಳನ್ನು ರಸ್ತೆ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸುವ ಸುದ್ದಿಯನ್ನು ನಾವು ಬರೆದಿದ್ದೇವೆ. ಎಷ್ಟು ಸೈಲೆನ್ಸರ್, ಎಷ್ಟು ದಂಡ ಎಂಬುದು ಅಂಥ ಸುದ್ದಿಯಲ್ಲಿ ಬರುತ್ತದೆ. ಆ ಪೈಪು ಗಾಡಿಗೆ ನಿಜವಾಗಿ ಏನು ಮಾಡುತ್ತದೆ ಎಂಬುದು ಬರುವುದಿಲ್ಲ. ನಮ್ಮ ಮನೆಯಲ್ಲೇ ಒಂದು ಪೈಪು ಬಂದ ಮೇಲೆ ಇದನ್ನು ಬರೆಯಬೇಕು ಅನಿಸಿತು.

ನಮ್ಮ ಚಿಕ್ಕಪ್ಪನ ಮಗ ದಿನಾ ಎರಡು ಹೊತ್ತು ಡೇರಿಗೆ ಹಾಲು ಹಾಕುತ್ತಾನೆ. 100 ಸಿಸಿ ಗಾಡಿ, ಎರಡೂ ಕಡೆ ಕ್ಯಾನು. ಒಂದು ಸಲ ಹಾಲಿನ ಬಟವಾಡೆ ಕೈಗೆ ಬಂದಿದ್ದೇ ತಡ, ಬೆಂಡ್ ಪೈಪಿನಿಂದ ತುದಿವರೆಗೆ ಎಲ್ಲ ದಪ್ಪನೆಯದು ಹಾಕಿಸಿಕೊಂಡು ಬಂದ. 'ಅಣ್ಣಾ, ಸೌಂಡ್ ಕೇಳು. ಈಗ ಹೆಂಗೆ ಎಳೀತದೆ ನೋಡು' ಅಂದ. ಸೌಂಡೇನೋ ಬಂತು. ಆದರೆ ಊರ ಮುಂದಿನ ದಿಬ್ಬವನ್ನು ಕ್ಯಾನಿನ ಸಮೇತ ಮೂರನೇ ಗೇರಿನಲ್ಲಿ ಹತ್ತುತ್ತಿದ್ದವನು ಎರಡನೇ ಗೇರಿಗೆ ಇಳಿಸತೊಡಗಿದ. ಪೆಟ್ರೋಲೂ ಬೇಗ ಮುಗಿಯತೊಡಗಿತು.

ಹೀಗೇಕೆ ಆಯಿತು? ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಹೊಗೆ ಬಿಡುತ್ತದೆ. ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಸೆಕೆಂಡಿಗೆ 40ಕ್ಕೂ ಹೆಚ್ಚು ಸಲ ವಾಲ್ವ್ ತೆರೆದು ಬಿಸಿ ಗಾಳಿ ಪೈಪಿಗೆ ನುಗ್ಗುತ್ತದೆ. ಅದು ಬೋರ್‌ವೆಲ್ ನೀರಿನಂತೆ ಒಂದೇ ಸಮ ಹರಿಯುವುದಿಲ್ಲ, ಗುದ್ದು ಗುದ್ದಾಗಿ ಹೋಗುತ್ತದೆ. ಒಂದು ಗುದ್ದು ವೇಗವಾಗಿ ಹೊರಗೆ ಓಡಿದಾಗ ಅದರ ಬೆನ್ನಿಗೆ ಒತ್ತಡ ಇಳಿಯುತ್ತದೆ. ಆ ಸೆಳೆತಕ್ಕೆ ಸಿಲಿಂಡರಿನಲ್ಲಿ ಉಳಿದ ಹೊಗೆಯೂ ಹೊರಬರುತ್ತದೆ. ಹೊಗೆ ಖಾಲಿಯಾದಷ್ಟೂ ಹೊಸ ಗಾಳಿ, ಪೆಟ್ರೋಲಿಗೆ ಜಾಗ ಹೆಚ್ಚು. ಬಲ ಹುಟ್ಟುವುದು ಅಲ್ಲಿ.

ಅಂದರೆ ಹೊಗೆಯ ವೇಗವೇ ಮುಖ್ಯ. ಒಂದು ಇಂಚಿನ ಪೈಪ್ ತೆಗೆದು ಒಂದೂವರೆ ಇಂಚಿನದು ಹಾಕಿದರೆ ಕಣ್ಣಿಗೆ ಅರ್ಧ ಇಂಚು ಹೆಚ್ಚಿದಂತೆ ಕಾಣುತ್ತದೆ. ಒಳಗಿನ ಜಾಗ ಮಾತ್ರ 2.25 ಪಟ್ಟು ಆಗಿರುತ್ತದೆ. ಎಂಜಿನ್ ಬಿಡುವ ಹೊಗೆ ಅಷ್ಟೇ ಇದ್ದರೆ ಅದರ ವೇಗ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಒಲೆ ಊದುವ ಅಜ್ಜಿಗೆ ಇದು ಚೆನ್ನಾಗಿ ಗೊತ್ತು. ಊದುಗೊಳವೆ ಸಣ್ಣಗಿದ್ದರೆ ಉಸಿರು ಕೆಂಡಕ್ಕೆ ನೇರ ಬಡಿಯುತ್ತದೆ. ಅದೇ ಉಸಿರನ್ನು ನಾಲ್ಕು ಇಂಚಿನ ಪಿವಿಸಿ ಪೈಪಿನಲ್ಲಿ ಊದಿ ನೋಡಿ, ಬೂದಿಯೂ ಹಾರುವುದಿಲ್ಲ.

ಹಾಗಂತ ಸಣ್ಣ ಪೈಪೇ ಒಳ್ಳೆಯದು ಅಂತಲೂ ಅಲ್ಲ. ತೀರಾ ಸಣ್ಣದಾದರೆ ಎಂಜಿನ್ ಜೋರಾಗಿ ತಿರುಗುವಾಗ ಹೊಗೆ ಹೋಗಲು ದಾರಿ ಸಾಲದು. ಅದನ್ನು ಹೊರದಬ್ಬಲು ಪಿಸ್ಟನ್ ತನ್ನ ಬಲವನ್ನೇ ಖರ್ಚು ಮಾಡಬೇಕು. ಗ್ಯಾರೇಜುಗಳಲ್ಲಿ 'ಎಂಜಿನ್‌ಗೆ ಬ್ಯಾಕ್ ಪ್ರೆಶರ್ ಬೇಕು' ಎನ್ನುತ್ತಾರೆ. ಹಿಂದಕ್ಕೆ ಒತ್ತುವ ಒತ್ತಡ ಯಾವ ಎಂಜಿನ್ನಿಗೂ ಬೇಡ. ಬೇಕಾಗಿರುವುದು ವೇಗ. ದಪ್ಪ ಪೈಪಿನ ಲಾಭ ಸಿಗುವುದು ಎಂಜಿನ್ ಕಿರುಚುವಷ್ಟು ತಿರುಗಿದಾಗ. ರೇಸಿನ ಗಾಡಿ ಸದಾ ಅಲ್ಲೇ ಓಡುತ್ತದೆ. ಹಾಲಿನ ಗಾಡಿ ಓಡುವುದು ಕೆಳಗಿನ ಸುತ್ತಿನಲ್ಲಿ, ಭಾರ ಹೊತ್ತು. ಅಲ್ಲಿ ದಪ್ಪ ಪೈಪ್ ಇದ್ದ ಬಲವನ್ನೂ ಕಳೆಯುತ್ತದೆ. ನಮ್ಮ ಹುಡುಗ ಎರಡನೇ ಗೇರಿಗೆ ಇಳಿದದ್ದು ಇದಕ್ಕೇ. ಹಳೇ ಸೈಲೆನ್ಸರ್ ಆಗಲೇ ಗುಜರಿ ಸೇರಿತ್ತು. ಸೆಕೆಂಡ್ ಹ್ಯಾಂಡ್ ಒಂದು ಹುಡುಕಿ ಹಾಕಿಸಲು ಇನ್ನೊಂದು ಬಟವಾಡೆವರೆಗೆ ಕಾಯಬೇಕಾಯಿತು. ಆ ದುಡ್ಡು ಹಿಂಡಿ, ಬೂಸಾಕ್ಕೆ ಎಂದು ಚಿಕ್ಕಮ್ಮ ಎತ್ತಿಟ್ಟಿದ್ದು.

'ಹಂಗಾದ್ರೆ ಆರ್‌ಎಕ್ಸ್ 100?' ಎಂದು ನೀವು ಕೇಳಬಹುದು. ಅದು ಟೂ ಸ್ಟ್ರೋಕ್, ಅದರ ಲೆಕ್ಕವೇ ಬೇರೆ. 98 ಸಿಸಿ ಎಂಜಿನ್ನಿಗೆ ಸುಮಾರು 11 ಕುದುರೆ ಬಲ ಇತ್ತು. ಟೂ ಸ್ಟ್ರೋಕಿನಲ್ಲಿ ಪೈಪಿನ ನಡುವೆ ಹೊಟ್ಟೆ ಉಬ್ಬಿ ಕೊನೆಗೆ ಸಣ್ಣಗಾಗುವ ಆಕಾರ ಸುಮ್ಮನೆ ಮಾಡಿದ್ದಲ್ಲ. ಹೊಗೆಯ ಒತ್ತಡದ ಅಲೆ ಅಲ್ಲಿ ಬಡಿದು ಹಿಂದಿರುಗಿ, ಹೊರಗೆ ಓಡುತ್ತಿದ್ದ ಹೊಸ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ.

ಈ ವಿದ್ಯೆಯನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂ.ಝಡ್. ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. 1961ರ ಹೊತ್ತಿಗೆ ಅವರು ಬರೀ 125 ಸಿಸಿ ಎಂಜಿನ್ನಿನಿಂದ 25 ಕುದುರೆ ಬಲ ತೆಗೆದಿದ್ದರು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ವಾಪಸ್ ಬರಲಿಲ್ಲ. ಆ ಗುಟ್ಟಿನ ಸಮೇತ ಜಪಾನಿನ ಸುಜುಕಿ ಸೇರಿದ. 1962ರಲ್ಲಿ ಸುಜುಕಿ ಗಾಡಿಯಲ್ಲೇ 50 ಸಿಸಿ ವಿಶ್ವ ಚಾಂಪಿಯನ್ ಆದ. ಪೈಪಿನ ಅಳತೆ ಅಷ್ಟು ಬೆಲೆಬಾಳುವ ಲೆಕ್ಕ. ಅದನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಅಂದಾಜಿಗೆ ಕೊಯ್ದರೆ ಬಲ ಬರುವುದಿಲ್ಲ, ಇದ್ದದ್ದೂ ಹೋಗುತ್ತದೆ.

ರೇಸಿನ ಕಾರುಗಳಿಗೆ ದಪ್ಪ ಪೈಪ್ ಹಾಕುತ್ತಾರಲ್ಲ ಎಂದರೆ, ಹೌದು, ಹಾಕುತ್ತಾರೆ. ಟರ್ಬೊ ಇರುವ ಎಂಜಿನ್ನಿನಲ್ಲಿ ಟರ್ಬೊ ದಾಟಿದ ಮೇಲಿನ ಪೈಪ್ ಅಗಲವಾದಷ್ಟೂ ಟರ್ಬೊ ಸಲೀಸಾಗಿ ತಿರುಗುತ್ತದೆ. ಆದರೆ ಅಲ್ಲಿ ಪೈಪಿನ ಜೊತೆ ಪೆಟ್ರೋಲ್ ಬಿಡುವ ಲೆಕ್ಕವನ್ನೂ ತಿದ್ದುತ್ತಾರೆ. ಬರೀ ಪೈಪ್ ಬದಲಿಸಿ ಬಿಡುವುದಿಲ್ಲ.

ಈಗಿನ ಬಿಎಸ್-6 ಗಾಡಿಗಳಲ್ಲಿ ಇನ್ನೊಂದು ತೊಡಕಿದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರ್ ಹೊಗೆ ಹೋಗುವ ದಾರಿಯಲ್ಲೇ ಇರುತ್ತವೆ. ಪೈಪ್ ಬದಲಾಯಿಸುವಾಗ ಅವನ್ನು ತೆಗೆದರೆ ಎಂಜಿನ್‌ಗೆ ಎಷ್ಟು ಪೆಟ್ರೋಲ್ ಬೇಕೆಂಬ ಲೆಕ್ಕವೇ ತಪ್ಪಬಹುದು.

ಕಾನೂನನ್ನೂ ತಿಳಿದಿರಿ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ, ಶಬ್ದದ ಮಿತಿ ಮೀರಿದ ಗಾಡಿ ಓಡಿಸಿದರೆ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಜೊತೆಗೆ 3 ತಿಂಗಳು ಲೈಸೆನ್ಸೂ ಇರುವುದಿಲ್ಲ. ಡೇರಿಗೆ ಹಾಲು ಹಾಕುವವನಿಗೆ 3 ತಿಂಗಳು ಗಾಡಿ ಇಲ್ಲ ಅಂದರೆ ಏನಾಗುತ್ತದೆ, ಲೆಕ್ಕ ಹಾಕಿ.

ಹುಡುಗರಿಗೆ ಬಯ್ಯುವ ಮುಂಚೆ ದೊಡ್ಡವರು ಒಂದನ್ನು ಯೋಚಿಸಬೇಕು. ಊರಲ್ಲಿ ಯಾರೂ ತಿರುಗಿ ನೋಡದ ಹುಡುಗನನ್ನು ಆ ಸೌಂಡ್ ಬಂದ ದಿನ ಎಲ್ಲರೂ ತಿರುಗಿ ನೋಡುತ್ತಾರೆ. ದಪ್ಪ ಪೈಪ್ ಮಾರುವವರಿಗೆ ಇದು ಗೊತ್ತು. ಅವರು ಮಾರುವುದು ಸೌಂಡ್, ಹೇಳುವುದು ಪವರ್ ಎಂದು.

ನಿಮ್ಮ ಗಾಡಿಯ ಪಿಕಪ್ ಕಮ್ಮಿಯಾಗಿದ್ದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ, ನಮ್ಮ ಮಣ್ಣಿನ ದಾರಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಆಮೇಲೆ ಸ್ಪಾರ್ಕ್ ಪ್ಲಗ್, ಚೈನು, ಟೈರಿನ ಗಾಳಿ, ಬ್ರೇಕ್ ಹಿಡಿದುಕೊಂಡಿದೆಯಾ ಎಂಬುದು, ವಾಲ್ವ್ ಸೆಟ್ಟಿಂಗ್, ಕ್ಲಚ್ ಪ್ಲೇಟ್. ಇವನ್ನೆಲ್ಲ ನೋಡಿಸಿದ ಮೇಲೂ ಗಾಡಿ ಎಳೆಯದಿದ್ದರೆ ಎಂಜಿನ್ ಬಿಚ್ಚಬಲ್ಲ ಒಳ್ಳೆಯ ಮೆಕ್ಯಾನಿಕ್ ಹತ್ತಿರ ಹೋಗಿ. ಸೈಲೆನ್ಸರನ್ನು ಅದರ ಪಾಡಿಗೆ ಬಿಡಿ.