ಜೀವಕೋಶದಲ್ಲಿ ತಾಯಿಯ ಪಾಲು

ಈರುಳ್ಳಿಯ ತೆಳುಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಇಟ್ಟಿಗೆಯ ಗೋಡೆಯೊಂದು ಕಂಡಂತಾಗುತ್ತದೆ. ಕಲಾ ವಿಭಾಗದವನಾದ ನನಗೆ ಈ ನೋಟ ದೊರೆತದ್ದು ವಿಜ್ಞಾನ ಓದುವ ಮಿತ್ರರ ಕೃಪೆಯಿಂದ. ಇಟ್ಟಿಗೆಯೆಂದೆನಲ್ಲ, ಅವು ನಿಜವಾಗಿ ಕೋಣೆಗಳು. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್, ಸೀಸೆಗೆ ಬಿರಟೆ ಮಾಡುವ ಕಾರ್ಕಿನ ತೆಳುಚೂರಿನಲ್ಲಿ ಇಂಥವನ್ನೇ ಕಂಡು 'ಸೆಲ್', ಅಂದರೆ ಪುಟ್ಟ ಕೋಣೆ, ಎಂದು ಕರೆದನು. ಅವನು ಕಂಡದ್ದು ಸತ್ತ ತೊಗಟೆಯ ಬರಿಯ ಗೋಡೆಗಳನ್ನು. ಒಳಗಿನ ಸಂಸಾರ ಅವನಿಗೆ ತಿಳಿಯದು.

ಆ ಸಂಸಾರದಲ್ಲಿ ನ್ಯೂಕ್ಲಿಯಸ್ಸಿಗೆ ಹೆಸರಿಟ್ಟವನು ರಾಬರ್ಟ್ ಬ್ರೌನ್, 1831ರಲ್ಲಿ. ಅದನ್ನು ಕೋಶದ ಯಜಮಾನನೆಂದು ಬಣ್ಣಿಸುವುದುಂಟು. ಇರಲಿ. ಯಜಮಾನ ಜಗಲಿಯ ಮೇಲೆ ಕುಳಿತ ಮಾತ್ರಕ್ಕೆ ಒಳಗೆ ಅನ್ನ ಬೇಯುವುದೇ? ಒಲೆ ಉರಿಸುವ ಕೆಲಸ ಮೈಟೋಕಾಂಡ್ರಿಯಗಳದು. ನಾವುಂಡ ಆಹಾರದ ಸತ್ತ್ವವನ್ನು ಆಮ್ಲಜನಕದ ನೆರವಿನಿಂದ ಕೋಶಕ್ಕೆ ಬೇಕಾದ ಶಕ್ತಿಯಾಗಿ ಮಾಡಿಕೊಡುವವು ಬಹುಮಟ್ಟಿಗೆ ಇವೇ.

ಇವು ಮೂಲತಃ ಈ ಮನೆಯವೂ ಅಲ್ಲ. ಒಂದು ಕಾಲಕ್ಕೆ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಗಳು ಮತ್ತೊಂದು ಕೋಶವನ್ನು ಹೊಕ್ಕು ಅಲ್ಲಿಯೇ ನೆಲಸಿದವೆಂದು 1967ರಲ್ಲಿ ಅಮೆರಿಕದ ಲಿನ್ ಮಾರ್ಗುಲಿಸ್ ಎಂಬಾಕೆ ವಾದಿಸಿದರು. ವಿಜ್ಞಾನಿಗಳು ಈಗ ಅದನ್ನು ಒಪ್ಪಿದ್ದಾರೆ. ಹಾಗೆ ಬಂದವು ತವರಿನ ಗಂಟನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ನ್ಯೂಕ್ಲಿಯಸ್ಸಿನದಲ್ಲದೆ ಇವುಗಳಿಗೆ ತಮ್ಮದೇ ಆದ ಡಿಎನ್‌ಎ ಉಂಟು. ಮನುಷ್ಯರಲ್ಲಿ ಅದರ ಜೀನುಗಳು 37. ಅದು ಮಕ್ಕಳಿಗೆ ಬರುವುದು ತಾಯಿಯಿಂದ. ತಂದೆಯ ಕಡೆಯ ಮೈಟೋಕಾಂಡ್ರಿಯಗಳು ಸಾಮಾನ್ಯವಾಗಿ ಅಂಡದೊಳಗೇ ನಾಶವಾಗುತ್ತವೆ.

ಇದನ್ನೋದಿದಾಗ ನನಗೆ ನೆನಪಾದದ್ದು, ಜಮೀನಿನ ಖಾತೆಗಾಗಿ ಕಳೆದ ವರ್ಷ ಮಾಡಿಸಿದ ವಂಶವೃಕ್ಷ. ಓದುಬಾರದ ಅವ್ವ, "ಏನ್ ಬರ್ದವ್ರೆ, ಓದಿ ಹೇಳಪ್ಪ" ಎಂದಳು. ಅಪ್ಪನ ತಾತನಿಂದ ಹಿಡಿದು ನಮ್ಮವರೆಗೆ ಓದಿದೆ. ಕೇಳಿಸಿಕೊಂಡು, "ನಮ್ಮವ್ವ ಎಲ್ಲವ್ಳೆ?" ಎಂದಳು. ಅಜ್ಜಿ ಆ ಕಾಗದದಲ್ಲಿರಲಿಲ್ಲ. ಇರಬೇಕಾದ ಕ್ರಮವೂ ಇಲ್ಲ. ಆದರೆ ಈ ಲೇಖನಿ ಹಿಡಿದ ನನ್ನ ಬೆರಳಿನ ಕೋಶಗಳಲ್ಲಿ ಅವಳಿದ್ದಾಳೆ, ಅವಳ ತಾಯಿಯೂ ಇದ್ದಾಳೆ.

ಗಂಡುಮಕ್ಕಳಿಗೆ ಈ ಆಸ್ತಿಯ ಅನುಭೋಗವುಂಟೇ ಹೊರತು ಮುಂದಕ್ಕೆ ದಾಟಿಸುವ ಹಕ್ಕಿಲ್ಲ. ನನ್ನಲ್ಲಿರುವುದು ನನ್ನೊಡನೆಯೇ ಮುಗಿಯುತ್ತದೆ, ದಾಟಿಸಬಲ್ಲವಳು ತಂಗಿ. ಅವಳು ಈ ವರ್ಷ ಪಿ.ಯು. ಮುಗಿಸುತ್ತಾಳೆ. ಬಿ.ಎಸ್ಸಿ.ಗೆ ಸೇರಿಸೋಣವೆಂದು ನಾನು, ಗಂಡು ನೋಡೋಣವೆಂದು ಅಪ್ಪ. ಅವ್ವ ಈ ಸಲ ನನ್ನ ಪಕ್ಷ. ಮಾತು ಇನ್ನೂ ತೀರ್ಮಾನವಾಗಿಲ್ಲ.