ಕಲ್ಯಾಣದ ಖಾಡಿ, ಅಜ್ಜಿಯ ಪುತಳಿ ಸರ

ಕಲ್ಯಾಣ ಎಂದರೆ ನಿಮಗೆಲ್ಲ ನೆನಪಾಗುವುದು ಫಾಸ್ಟ್ ಲೋಕಲ್, ಜಂಕ್ಷನ್ನಿನ ನೂಕುನುಗ್ಗಲು. ಡೊಂಬಿವಲಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನೂ ಅಷ್ಟೇ ಬಲ್ಲವಳು. ಆದರೆ ಒಂದನೆಯ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ಗ್ರಂಥದಲ್ಲಿ 'ಕಲ್ಲಿಯೆನ' ಎಂಬ ಬಂದರಿನ ಹೆಸರಿದೆ. ಆರನೆಯ ಶತಮಾನದ ಕಾಸ್ಮಾಸ್ ಎಂಬ ವರ್ತಕನೂ ಅದನ್ನು ದೊಡ್ಡ ಬಂದರುಗಳ ಸಾಲಿನಲ್ಲಿ ಸೇರಿಸಿದ್ದಾನೆ. ಅದು ನಮ್ಮ ಕಲ್ಯಾಣವೇ ಎನ್ನುತ್ತಾರೆ ಬಲ್ಲವರು.

ದುರ್ಗಾಡಿ ಕೋಟೆಯ ಮೇಲೆ ನಿಂತು, ಕೆಳಗಿನ ಖಾಡಿ ತೋರಿಸುತ್ತ ಮಗನಿಗೆ ಇದನ್ನೆಲ್ಲ ಹೇಳಿದೆ. ಕಾಸ್ಮಾಸನ ಕಾಲದ ರೋಮನ್ ಚಿನ್ನದ ನಾಣ್ಯಗಳು ನನ್ನ ತವರಿನ ಹಾನಗಲ್ ತಾಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕಿವೆ ಎಂದೂ ಹೇಳಿದೆ. ಅಷ್ಟೇ ಸಾಕಾಯಿತು. "ಅಮ್ಮಾ, ಅಜ್ಜಿಯ ಸರದಲ್ಲಿರೋದೂ ರೋಮನ್ನೇ ಇರಬಹುದಲ್ಲ?" ಅಂದ. ಆ ಪುತಳಿ ಸರ ನನ್ನ ಚೀಲದಲ್ಲೇ ಇತ್ತು. ಕರಗಿಸಿ ಮಗಳಿಗೆ ಬಳೆ ಮಾಡಿಸೋಣವೆಂದು ಅಂದು ಅಕ್ಕಸಾಲಿಗರ ಅಂಗಡಿಗೇ ಹೊರಟಿದ್ದೆವು.

ಹೋಗದೆ ಮನೆಗೆ ಬಂದು ಭೂತಗನ್ನಡಿ ಹಿಡಿದು ಕೂತೆವು. ಅವನ ಆಸೆ ಎರಡನೆಯ ಲಿಯೋನ ಮೇಲೆ. ಸುಮಾರು ಏಳು ವರ್ಷದ ಆ ಹುಡುಗ ಕ್ರಿ.ಶ. 474ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯಾಗಿ, ತಂದೆ ಝೆನೊನನ್ನೂ ಜೊತೆಗೆ ಚಕ್ರವರ್ತಿ ಮಾಡಿಕೊಂಡು, ಅದೇ ವರ್ಷ ತೀರಿಕೊಂಡ. ಅವನ ನಾಣ್ಯವನ್ನು ಮುಖ ನೋಡಿ ಗುರುತಿಸುವಂತಿಲ್ಲ. ಆಗಿನ ಎಲ್ಲ ಚಕ್ರವರ್ತಿಗಳಂತೆ ಮಗುವಿಗೂ ಶಿರಸ್ತ್ರಾಣ, ಹೆಗಲ ಮೇಲೆ ಭರ್ಜಿ! ಬರೀ 'ಲಿಯೋ' ಎಂದಿದ್ದರೆ ಅದು ಸಾಮಾನ್ಯವಾಗಿ ಅವನ ತಾತ ಒಂದನೆಯ ಲಿಯೋ. 'ಲಿಯೋ ಎತ್ ಝೆನೊ' ಎಂದಿದ್ದರೆ ಮಾತ್ರ ಹುಡುಗನದು. ಲ್ಯಾಟಿನ್ನಿನಲ್ಲಿ 'ಎತ್' ಎಂದರೆ 'ಮತ್ತು'. ಕೆಲವದರ ಹಿಂಬದಿಯಲ್ಲಿ ಅಪ್ಪ, ಮಗ ಇಬ್ಬರೂ ಪಕ್ಕಪಕ್ಕ ಕೂತಿರುತ್ತಾರೆ. ತೂಕ ನಾಲ್ಕೂವರೆ ಗ್ರಾಂ ಹತ್ತಿರ.

ನಮ್ಮ ಸರದಲ್ಲಿ ನಿಂತವನೊಬ್ಬ, ಮಂಡಿಯೂರಿದವನೊಬ್ಬ. ಸುತ್ತಲೂ ಯಾವ ಭಾಷೆಯೂ ಅಲ್ಲದ ಗೀಚು. ನನ್ನ ಬಿ.ಎ. ಇಂಗ್ಲಿಷು ಅಲ್ಲಿ ಏನೂ ನಡೆಯಲಿಲ್ಲ. ಅದು ಇಟಲಿಯ ವೆನಿಸ್ ನಗರದ ಡುಕಾಟ್ ಎಂಬ ಚಿನ್ನದ ನಾಣ್ಯದ ನಕಲು. ನಮ್ಮ ಅಕ್ಕಸಾಲಿಗರು ಅಕ್ಷರ ತಿಳಿಯದೆ ಚಿತ್ರದಂತೆ ಇಳಿಸಿದ್ದು. ಅದರ ಮೇಲಿನ ಗೊಂಬೆಗಳಿಂದಲೇ ಪುತಳಿ ಎಂಬ ಹೆಸರು.

ಮಗನ ಮುಖ ಬಾಡಿತು. ಮಗಳು ಮಾತ್ರ ಸರವನ್ನು ಕೊರಳಿಗೆ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. "ಇದನ್ನ ಕರಗಿಸಬೇಡಮ್ಮ" ಅಂದಳು. ಈಗ ಬಳೆಗೆ ಬೇರೆ ಚಿನ್ನ ಹೊಂದಿಸಬೇಕು.